ಅರಿಝೋನಾದಲ್ಲಿ ವೀಸಾ ಇದ್ದವರಿಗೂ ಪೊಲೀಸರ ಕಾಟ ಇದೆಯಾ?

ಪ್ರಶ್ನೆ (ಟಿಳಕವಾಡಿ, ಬೆಳಗಾವಿ)
ನನ್ನ ತಮ್ಮ ಎಚ್‌-1ಬಿ ವೀಸಾ (ಕೆಲಸದ ವೀಸಾ) ಮೇಲೆ ಅಮೆರಿಕದ ಅರಿಝೋನಾ ರಾಜ್ಯದ ಫೀನಿಕ್ಸ್‌ನಲ್ಲಿದ್ದಾನೆ. ಅಲ್ಲಿ ಗಾಡಿ ತಡೆದ ಪೊಲೀಸರು ವಲಸೆ ಕಾಗದವನ್ನೂ ಕೇಳಬಹುದು ಅಂತ ಯಾರೋ ಹೇಳಿದಾಗಿನಿಂದ ಅವ್ವನಿಗೆ ನಿದ್ದೆ ಇಲ್ಲ. ಎಲ್ಲ ಸರಿ ಇದ್ದವರಿಗೂ ತೊಂದರೆ ಆಗುತ್ತದಾ?

ವಿಜಯಪುರದಿಂದ
ಅಕ್ಕಾ, ಅದು 2010ರ ಎಸ್‌ಬಿ 1070 ಕಾನೂನು. 2012ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದರ ಮೂರು ಭಾಗಗಳನ್ನು ರದ್ದು ಮಾಡಿತು. ಆದರೆ ಬೇರೆ ಕಾರಣಕ್ಕೆ ತಡೆದಾಗ ಅನುಮಾನ ಬಂದರೆ ವಲಸೆ ವಿಚಾರಿಸುವ ಭಾಗ ಉಳಿಯಿತು. ಅರಿಝೋನಾದ ಚಾಲ್ತಿ ಡ್ರೈವಿಂಗ್ ಲೈಸೆನ್ಸ್ ತೋರಿಸಿದರೆ ಕಾನೂನು ಪ್ರಕಾರವೇ ಇದ್ದಾನೆ ಅಂತ ತಿಳಿಯಬೇಕು, ಇದೂ ಅದೇ ಕಾನೂನಲ್ಲಿದೆ. ತಮ್ಮ ಲೈಸೆನ್ಸ್ ಮಾಡಿಸಿದ್ದಾನಾ, ಮೊದಲು ಕೇಳಿ.

ಬಾಗಲಕೋಟೆಯಿಂದ
ಸುಮ್ನೆ ಹೆದರಬೇಡಿ ಅನ್ನುವುದು ಸುಲಭ. ಅಲಬಾಮಾದಲ್ಲಿ 2011ರಲ್ಲಿ ಇಂಥದ್ದೇ ಕಾನೂನು ಬಂದಾಗ ಮರ್ಸಿಡಿಸ್ ಕಾರ್ಖಾನೆಗೆ ಬಂದಿದ್ದ ಜರ್ಮನ್ ಮ್ಯಾನೇಜರ್‌ನನ್ನೇ ಜೊತೆಗೆ ಲೈಸೆನ್ಸ್ ಇಲ್ಲ ಅಂತ ಹಿಡಿದಿದ್ದರು. ಪಾಸ್‌ಪೋರ್ಟ್, ವೀಸಾ ತಂದು ತೋರಿಸಿದ ಮೇಲೆ ಬಿಟ್ಟರು. ಅಕ್ರಮ ವಲಸಿಗರಿಗೆ ಅಂತ ಮಾಡಿದ ಕಾನೂನು ದುಡಿಯಲು ಸರಿಯಾಗಿ ಬಂದವನಿಗೂ ತಾಗುತ್ತದೆ, ಅದರಲ್ಲೂ ಮೈಬಣ್ಣ, ಮಾತಿನ ಧಾಟಿ ನೋಡಿ ಅನುಮಾನ ಪಟ್ಟರೆ ಜಾಸ್ತಿ. ಇದು ಅನ್ಯಾಯ ಅಲ್ವಾ?

ಗೋಕಾಕದಿಂದ
ಇನ್ನೊಂದು, ರಾಜ್ಯ ಯಾವುದೇ ಇರಲಿ, 18 ವರ್ಷ ತುಂಬಿದ ವಿದೇಶಿಯರು ನೋಂದಣಿ ದಾಖಲೆ ಜೊತೆಗೇ ಇಟ್ಟುಕೊಳ್ಳಬೇಕು ಅಂತ ಅಮೆರಿಕದ ಕೇಂದ್ರ ಸರ್ಕಾರದ ಹಳೇ ಕಾನೂನೇ ಇದೆ. ಎಚ್‌-1ಬಿ ಇದ್ದವರಿಗೆ ಐ-94 (ಅಮೆರಿಕದೊಳಗೆ ಬಂದದ್ದರ ದಾಖಲೆ) ಸಾಕು, ಅದರ ಪ್ರಿಂಟ್ ತೆಗೆದು ಜೇಬಿನಲ್ಲಿಡಲಿ. ಮನೆ ಬದಲಿಸಿದರೆ 10 ದಿನದೊಳಗೆ ವಿಳಾಸ ತಿಳಿಸಬೇಕು, ಇದನ್ನು ಬಹಳ ಜನ ಮರೆಯುತ್ತಾರೆ.

ಟಿಳಕವಾಡಿ
ಲೈಸೆನ್ಸ್ ಇದೆಯಂತೆ. ಐ-94 ಇವತ್ತೇ ತೆಗೆಸುತ್ತೇನೆ, ಅವ್ವನಿಗೂ ಓದಿ ಹೇಳಿದೆ.