ಚೋಕ್ ಎಳೆಯುವ ಗಾಡಿ, ಸ್ಕ್ಯಾನರ್ ಹಾಕುವ ಗಾಡಿ: ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ನಿರ್ವಾಹಕರು: ಎಲ್ಲರಿಗೂ ನಮಸ್ಕಾರ. ಈ ಭಾನುವಾರದ ಪ್ರಶ್ನೋತ್ತರಕ್ಕೆ ಹಾಸನದ ನಮ್ಮ ಮೆಕ್ಯಾನಿಕ್ ಒಪ್ಪಿಕೊಂಡಿದ್ದಾರೆ. ಅಂಬಾಸಿಡರ್, ಪದ್ಮಿನಿಗಳ ಕೆಳಗೆ ಮಲಗಿ ಕೆಲಸ ಕಲಿತವರು, ಈಗ ಬಿಎಸ್‌6 (ಹೊಸ ಹೊಗೆ ನಿಯಮದ) ಗಾಡಿಗಳನ್ನೂ ನೋಡುತ್ತಾರೆ. ವಿಷಯ: ಕಾರುಗಳ ಹಳೆಯ ತಂತ್ರ ಮತ್ತು ಹೊಸ ತಂತ್ರ. ಗಾಡಿಯ ವರ್ಷ, ಇಂಧನ, ಎಷ್ಟು ಕಿಲೋಮೀಟರ್ ಓಡಿದೆ ಎಂಬುದನ್ನು ಬರೆದು ಕೇಳಿ. ಫಾರ್ವರ್ಡ್ ಸಂದೇಶಗಳನ್ನು ದಯವಿಟ್ಟು ಹಾಕಬೇಡಿ.

ತಿಪಟೂರು ತೆಂಗು: ನಮಸ್ಕಾರ ಸರ್. ನಮ್ಮ ತಂದೆಯವರು ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿ ಹತ್ತು ನಿಮಿಷ ಹಾಗೆಯೇ ಬಿಡುತ್ತಾರೆ. 2019ರ ಪೆಟ್ರೋಲ್ ಗಾಡಿ, 46,000 ಕಿ.ಮೀ. ಎಂಜಿನ್ ಬಿಸಿಯಾಗದೆ ಹೊರಡಬಾರದು ಎಂದು ಹಟ. ಇದು ಬೇಕೇ?

ಮೆಕ್ಯಾನಿಕ್: ನಮಸ್ಕಾರ. ತಂದೆಯವರು ಕಲಿತ ಗಾಡಿಗೆ ಅದು ಸರಿಯಾದ ಪಾಠವೇ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ತಣ್ಣಗಿರುವಾಗ ಪೆಟ್ರೋಲ್ ಪೂರ್ತಿ ಆವಿಯಾಗುವುದಿಲ್ಲ. ಚೋಕ್ ಎಳೆದು (ಗಾಳಿ ತಗ್ಗಿಸಿ), ಎಂಜಿನ್ ಸ್ವಲ್ಪ ಬಿಸಿಯಾಗುವವರೆಗೆ ಬಿಡದಿದ್ದರೆ ಮೊದಲ ತಿರುವಿನಲ್ಲೇ ನಿಂತುಬಿಡುತ್ತಿತ್ತು. ಈಗಿನ ಇಂಜೆಕ್ಷನ್ ಗಾಡಿಯಲ್ಲಿ ಕೂಲೆಂಟ್ (ಎಂಜಿನ್ ತಂಪು ಮಾಡುವ ದ್ರವ) ಎಷ್ಟು ತಣ್ಣಗಿದೆ ಎಂದು ಸೆನ್ಸರ್ ತಿಳಿಸುತ್ತದೆ, ಅದಕ್ಕೆ ತಕ್ಕಷ್ಟು ಪೆಟ್ರೋಲನ್ನು ಇಸಿಯು, ಅಂದರೆ ಎಂಜಿನ್‌ನ ಕಂಪ್ಯೂಟರ್, ಬಿಡುತ್ತದೆ. ಅರ್ಧ ನಿಮಿಷ ಸಾಕು. ಆಮೇಲೆ ಮೊದಲ ಎರಡು ಮೂರು ಕಿಲೋಮೀಟರ್ ಜೋರಾಗಿ ಎಳೆಯದೆ ಓಡಿಸಲಿ. ನಿಂತಲ್ಲೇ ಬಿಟ್ಟರೆ ಎಂಜಿನ್ ನಿಧಾನವಾಗಿ ಬಿಸಿಯಾಗುತ್ತದೆ, ಪೆಟ್ರೋಲ್ ಮಾತ್ರ ಖರ್ಚಾಗುತ್ತದೆ.

ಪದ್ಮಿನಿ ಪ್ರಿಯ: ಸರ್, ನನ್ನದು 1989ರ ಪದ್ಮಿನಿ, ತಾತನ ಕಾಲದ ಗಾಡಿ. ವಾರಕ್ಕೊಮ್ಮೆ ಮಾತ್ರ ಹೊರಗೆ ತೆಗೆಯುತ್ತೇನೆ. ಇ20 ಪೆಟ್ರೋಲ್ (20 ಶೇಕಡಾ ಎಥೆನಾಲ್ ಬೆರೆಸಿದ್ದು) ಬಂದ ಮೇಲೆ ಎಂಜಿನ್ ಬಡಿಯುತ್ತದೆ, ಏರಿನಲ್ಲಿ ಶಕ್ತಿಯೇ ಇಲ್ಲ. ಒಮ್ಮೆ ಪೆಟ್ರೋಲ್ ಪೈಪ್ ಕೂಡ ಒಡೆದಿತ್ತು.

ಮೆಕ್ಯಾನಿಕ್: ಪೈಪ್ ಒಡೆದದ್ದನ್ನು ಮೊದಲು ನೋಡಿ, ಅದು ಬೆಂಕಿಯ ವಿಷಯ. ಆ ಕಾಲದ ರಬ್ಬರ್ ಎಥೆನಾಲ್‌ಗೆ ಮಾಡಿದ್ದಲ್ಲ, ಊದಿಕೊಳ್ಳುತ್ತದೆ, ಮೆತ್ತಗಾಗಿ ಬಿರುಕು ಬಿಡುತ್ತದೆ. ಟ್ಯಾಂಕ್‌ನಿಂದ ಕಾರ್ಬ್ಯುರೇಟರ್‌ವರೆಗಿನ ಎಲ್ಲ ರಬ್ಬರ್ ಪೈಪ್‌ಗಳನ್ನು, ಪೆಟ್ರೋಲ್ ಪಂಪಿನ ಡಯಾಫ್ರಾಮನ್ನು ಎಥೆನಾಲ್ ತಡೆಯುವಂಥದ್ದಕ್ಕೆ ಬದಲಿಸಿ. ಒಂದನ್ನು ಮಾತ್ರ ಬದಲಿಸಿ ಸುಮ್ಮನಾಗಬೇಡಿ.

ಶಕ್ತಿಯ ವಿಷಯ: ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ, ಸುಡಲು ಗಾಳಿಯೂ ಕಡಿಮೆ ಸಾಕು. ಹೊಸ ಗಾಡಿಯಲ್ಲಿ ಸೈಲೆನ್ಸರ್ ಸಾಲಿನ ಆಕ್ಸಿಜನ್ ಸೆನ್ಸರ್ ಅದನ್ನು ಗುರುತಿಸುತ್ತದೆ, ಇಸಿಯು ಪೆಟ್ರೋಲ್ ಹೆಚ್ಚಿಸುತ್ತದೆ. ನಿಮ್ಮ ಕಾರ್ಬ್ಯುರೇಟರ್‌ನ ಜೆಟ್ ಒಂದು ಹಿತ್ತಾಳೆಯ ತುಂಡು, ಅದರ ರಂಧ್ರ ಎಷ್ಟಿದೆಯೋ ಅಷ್ಟೇ ಬಿಡುತ್ತದೆ. ಹಾಗಾಗಿ ಮಿಶ್ರಣ ತೆಳುವಾಗುತ್ತದೆ (ಗಾಳಿ ಹೆಚ್ಚು, ಇಂಧನ ಕಡಿಮೆ). ಕಾರ್ಬ್ಯುರೇಟರ್ ಬಲ್ಲವರ ಬಳಿ ಒಂದು ಅಳತೆ ದೊಡ್ಡ ಜೆಟ್ ಹಾಕಿಸಿ, ಸ್ಪಾರ್ಕ್ ಪ್ಲಗ್‌ನ ಬಣ್ಣ ನೋಡಿ ಹೊಂದಿಸಿ. ಬಿಳಿಚಿಕೊಂಡಿದ್ದರೆ ಇನ್ನೂ ತೆಳು, ತಿಳಿ ಕಂದು ಬಂದರೆ ಸರಿ. ಬಡಿತ ನಿಲ್ಲದಿದ್ದರೆ ಡಿಸ್ಟ್ರಿಬ್ಯೂಟರ್‌ ಒಳಗಿನ ಪಾಯಿಂಟ್ ಗ್ಯಾಪ್ ಸುಮಾರು 0.4 ಮಿಲಿಮೀಟರ್ ಇದೆಯೇ ಎಂದು ಫೀಲರ್ ಗೇಜ್ ಹಾಕಿ ನೋಡಿ, ಆಮೇಲೆ ಕಿಡಿಯ ಟೈಮಿಂಗ್ ಮುಟ್ಟಿ. ತಾತನ ಗಾಡಿಯನ್ನು ಓಡಿಸಿಕೊಂಡು ಬಂದಿದ್ದೀರಿ, ಸಂತೋಷ.

ಬಾಳೆಹೊನ್ನೂರು ಮೇಷ್ಟ್ರು: ನಮಸ್ಕಾರ ಸರ್. 2021ರ ಬಿಎಸ್‌6 ಡೀಸೆಲ್ ಗಾಡಿ, 31,000 ಕಿ.ಮೀ. ಮನೆಯಿಂದ ಶಾಲೆಗೆ ನಾಲ್ಕು ಕಿ.ಮೀ., ಅಷ್ಟೇ ಓಡಾಟ. ಎರಡು ತಿಂಗಳಿಂದ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಬಂದು ಹೋಗುತ್ತಿತ್ತು, ಈಗ ಆರುವುದೇ ಇಲ್ಲ. ಆಯಿಲ್ ನೋಡಿದರೆ ಮೇಲಿನ ಗುರುತಿಗಿಂತ ಒಂದು ಬೆರಳು ಮೇಲಿದೆ. ಇಲ್ಲಿಯವರು, ಆಯಿಲ್ ಕುಡಿಯುತ್ತಿಲ್ಲ, ಎಂಜಿನ್ ಚೆನ್ನಾಗಿದೆ ಎಂದರು. ಶುಕ್ರವಾರ ಕುಟುಂಬದೊಂದಿಗೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೊರಟಿದ್ದೇವೆ. ಹೋಗಬಹುದಲ್ಲವೇ?

ಮೆಕ್ಯಾನಿಕ್: ಮೇಷ್ಟ್ರೇ, ಈಗಲೇ ಒಂದು ಕೆಲಸ ಮಾಡಿ. ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ತೆಗೆದು ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಡಿ, ಮೂಸಿ ನೋಡಿ. ಹೇಗಿದೆ ಎಂದು ಬರೆಯಿರಿ. ಸ್ಟಾರ್ಟ್ ಮಾಡಬೇಡಿ.

ಸಾಗರದ ಸವಾರ: ಸರ್, ಸನ್‌ರೂಫ್ ಮಳೆಗಾಲದಲ್ಲಿ ಸೋರುತ್ತದೆ. ಏನು ಮಾಡಲಿ?

ಕನಕಪುರ ಕಾರು: ಹೊಸ ಪೆಟ್ರೋಲ್ ಗಾಡಿಗೆ ಬೆಳಿಗ್ಗೆ ಎಷ್ಟು ನಿಮಿಷ ಬಿಸಿ ಮಾಡಬೇಕು ಸರ್?

ಮೆಕ್ಯಾನಿಕ್: ಮೇಲೆ ತಿಪಟೂರಿನವರಿಗೆ ಬರೆದಿದ್ದೇನೆ.

ಬಾಳೆಹೊನ್ನೂರು ಮೇಷ್ಟ್ರು: ನೋಡಿದೆ ಸರ್. ಕಪ್ಪಗಿದೆ, ನೀರಿನಷ್ಟು ತೆಳ್ಳಗೆ ಹರಡಿತು. ಕಪ್ಪು ಹನಿಯ ಸುತ್ತ ಎಣ್ಣೆಯ ಅಗಲವಾದ ಉಂಗುರ ಬಿದ್ದಿದೆ. ಸ್ಪಷ್ಟವಾಗಿ ಡೀಸೆಲ್ ವಾಸನೆ.

ಮೆಕ್ಯಾನಿಕ್: ಶುಕ್ರವಾರಕ್ಕೆ ಬೇರೆ ಗಾಡಿ ಗೊತ್ತು ಮಾಡಿಕೊಳ್ಳಿ. ಈ ಗಾಡಿಯನ್ನು ಶಾಲೆಗೂ ಒಯ್ಯಬೇಡಿ. ಕಾರಣ ಹೇಳುತ್ತೇನೆ.

ಎಂಜಿನ್ ಆಯಿಲ್ ತಾನಾಗಿ ಹೆಚ್ಚುವುದಿಲ್ಲ. ಹೆಚ್ಚಿದ್ದರೆ ಬೇರೇನೋ ಒಳಗೆ ಇಳಿದಿದೆ ಎಂದರ್ಥ. ಕೂಲೆಂಟ್ ಇಳಿದಿದ್ದರೆ ಆಯಿಲ್ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗುತ್ತಿತ್ತು. ನಿಮ್ಮದರಲ್ಲಿ ಇಳಿದಿರುವುದು ಡೀಸೆಲ್.

ಬಿಎಸ್‌6 ಡೀಸೆಲ್ ಗಾಡಿಯ ಸೈಲೆನ್ಸರ್ ಸಾಲಿನಲ್ಲಿ ಡಿಪಿಎಫ್ ಎಂಬ ಶೋಧಕ ಇರುತ್ತದೆ. ಹೊಗೆಯ ಮಸಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ತುಂಬಿದಾಗ ಆ ಮಸಿಯನ್ನು ಒಳಗೇ ಸುಡಬೇಕು, ಅದಕ್ಕೆ ಸುಮಾರು 600 ಡಿಗ್ರಿ ಶಾಖ ಬೇಕು. ಆ ಶಾಖ ಬರಿಸಲು ಬಹಳಷ್ಟು ಎಂಜಿನ್‌ಗಳಲ್ಲಿ ಇಸಿಯು ಒಂದು ಉಪಾಯ ಮಾಡುತ್ತದೆ: ಸಿಲಿಂಡರ್‌ನಲ್ಲಿ ಉರಿ ಮುಗಿಯುವ ಹೊತ್ತಿಗೆ ಇನ್ನಷ್ಟು ಡೀಸೆಲ್ ಸಿಂಪಡಿಸುತ್ತದೆ. ಅದು ಹೊಗೆಯ ಜೊತೆ ಹೊರಗೆ ಹೋಗಿ ಅಲ್ಲಿ ಉರಿದು ಡಿಪಿಎಫ್ ಅನ್ನು ಕಾಯಿಸುತ್ತದೆ. ಆದರೆ ಸ್ವಲ್ಪ ಡೀಸೆಲ್ ಸಿಲಿಂಡರ್ ಗೋಡೆಗೆ ಅಂಟಿ, ರಿಂಗ್‌ಗಳ ಸಂದಿನಿಂದ ಕೆಳಗಿನ ಆಯಿಲ್‌ಗೆ ಇಳಿಯುತ್ತದೆ.

ಹೆದ್ದಾರಿಯಲ್ಲಿ ಓಡುವ ಗಾಡಿ ಈ ಕೆಲಸವನ್ನು ಹದಿನೈದು ಇಪ್ಪತ್ತು ನಿಮಿಷದಲ್ಲಿ ಮುಗಿಸಿಕೊಳ್ಳುತ್ತದೆ. ನಿಮ್ಮದು ಶುರು ಮಾಡುವ ಹೊತ್ತಿಗೆ ಶಾಲೆ ಬಂದಿರುತ್ತದೆ, ನೀವು ಕೀಲಿ ತಿರುಗಿಸುತ್ತೀರಿ. ಮರುದಿನ ಮತ್ತೆ ಶುರು, ಮತ್ತೆ ಅರ್ಧಕ್ಕೆ ನಿಲುಗಡೆ. ಪ್ರತಿ ಸಲವೂ ಆಯಿಲ್‌ಗೆ ಒಂದಿಷ್ಟು ಡೀಸೆಲ್ ಸೇರುತ್ತದೆ, ಮಸಿ ಮಾತ್ರ ಅಲ್ಲೇ ಉಳಿಯುತ್ತದೆ.

ಇದರಿಂದ ಎರಡು ಅಪಾಯ. ತೆಳುವಾದ ಆಯಿಲ್ ಟರ್ಬೊ ಮತ್ತು ಕ್ರ್ಯಾಂಕ್ ಬೇರಿಂಗ್‌ಗಳನ್ನು ರಕ್ಷಿಸುವುದಿಲ್ಲ. ಅದಕ್ಕಿಂತ ಭಯಂಕರವಾದದ್ದು ಇನ್ನೊಂದು. ಮಟ್ಟ ಮಿತಿಮೀರಿದರೆ ಎಂಜಿನ್ ಬ್ರೀದರ್ ಪೈಪ್ (ಒಳಗಿನ ಆವಿ ಹೊರಬಿಡುವ ಪೈಪ್) ಮೂಲಕ ತನ್ನದೇ ಆಯಿಲನ್ನು ಎಳೆದುಕೊಂಡು ಸುಡಲು ಶುರು ಮಾಡಬಹುದು. ಆಗ ಆಕ್ಸಿಲರೇಟರ್ ಬಿಟ್ಟರೂ ಅದರ ಓಟ ಏರುತ್ತಲೇ ಹೋಗುತ್ತದೆ. ಡೀಸೆಲ್ ಎಂಜಿನ್‌ಗೆ ಕಿಡಿ ಬೇಕಿಲ್ಲವಾದ್ದರಿಂದ ಕೀಲಿ ತೆಗೆದರೂ ನಿಲ್ಲದಿರಬಹುದು. ಮ್ಯಾನುಯಲ್ ಗಾಡಿಯಾದರೆ ಬ್ರೇಕ್ ಬಲವಾಗಿ ಒತ್ತಿ ಹಿಡಿದು, ಮೇಲಿನ ಗೇರ್ ಹಾಕಿ ಕ್ಲಚ್ ಬಿಟ್ಟು ಎಂಜಿನ್ ಕಟ್ಟಿಹಾಕಬೇಕು. ಚಾರ್ಮಾಡಿಯ ತಿರುವಿನಲ್ಲಿ, ಮಕ್ಕಳನ್ನು ಹಿಂದೆ ಕೂರಿಸಿಕೊಂಡು, ಇದನ್ನೆಲ್ಲ ಮಾಡುವ ಹೊತ್ತು ನಿಮಗೆ ಬರುವುದೇ ಬೇಡ.

ಮಾಡಬೇಕಾದದ್ದು ಇದು. ಗಾಡಿಯನ್ನು ಟೋಯಿಂಗ್ ಲಾರಿಯ ಮೇಲೆ ಸಾಗಿಸಿ. ಮೊದಲು ಆಯಿಲ್ ಮತ್ತು ಫಿಲ್ಟರ್ ಬದಲಾಗಲಿ. ಕೈಪಿಡಿಯಲ್ಲಿ ಬರೆದ ಕಡಿಮೆ ಬೂದಿಯ ಗ್ರೇಡನ್ನೇ ಹಾಕಿಸಿ. ಮಸಿ ಸುಟ್ಟುಹೋಗುತ್ತದೆ, ಆಯಿಲ್‌ನ ಬೂದಿ ಹೋಗುವುದಿಲ್ಲ, ಡಿಪಿಎಫ್‌ನಲ್ಲೇ ಕೂರುತ್ತದೆ. ನಂತರ ಇಸಿಯುವಿನ ದೋಷ ಓದುವ ಸ್ಕ್ಯಾನರ್ ಹಾಕಿಸಿ. ಪಿ2463 ಎಂಬ ಕೋಡ್ ಇರಬಹುದು, ಮಸಿ ತುಂಬಿದೆ ಎಂಬ ಸೂಚನೆ ಅದು. ಯಾವುದಾದರೂ ಇಂಜೆಕ್ಟರ್ ಸೋರುತ್ತಿದೆಯೇ ಎಂದೂ ಪರೀಕ್ಷಿಸಲಿ. ಅದಾದ ಮೇಲೆ ಮಾತ್ರ ವರ್ಕ್‌ಶಾಪಿನಲ್ಲಿ ಸ್ಕ್ಯಾನರ್‌ನಿಂದ ಮಸಿ ಸುಡಿಸಬೇಕು. ಈಗಿರುವ ಆಯಿಲ್‌ನಲ್ಲೇ ಸುಡಿಸಲು ಹೊರಟರೆ ಬೇಡ ಎನ್ನಿ.

ಮುಂದೆ ವಾರಕ್ಕೊಮ್ಮೆ ಕೊಪ್ಪದ ಕಡೆಗೋ ಚಿಕ್ಕಮಗಳೂರಿನ ಕಡೆಗೋ ಅರ್ಧ ಗಂಟೆ ನಿಲ್ಲಿಸದೆ ಓಡಿಸಿ. ಮಲೆನಾಡಿನ ತಿರುವಿನಲ್ಲಿ ವೇಗ ಬರದಿದ್ದರೆ ಒಂದು ಗೇರ್ ಕೆಳಗಿಟ್ಟು ಎಂಜಿನ್ ನಿಮಿಷಕ್ಕೆ 2000 ಸುತ್ತಿನ ಮೇಲಿರುವಂತೆ ನೋಡಿಕೊಳ್ಳಿ. ಆ ಓಟದ ನಂತರ ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ. ಬಯಲುಸೀಮೆಗೆ ಹೋದಾಗ ರಸ್ತೆಯ ಮೇಲೆ ಒಕ್ಕಣೆಗೆ ಹರಡಿದ ಹುರುಳಿ ಸೊಪ್ಪಿನ ಮೇಲಂತೂ ಹತ್ತಿಸಲೇಬೇಡಿ, ಅದು ಅಡಿಯಲ್ಲಿ ಸುತ್ತಿಕೊಂಡು ಬೆಂಕಿ ಹಿಡಿಯುತ್ತದೆ.

ದಿನಕ್ಕೆ ಎಂಟು ಕಿಲೋಮೀಟರ್ ಓಡಾಡುವವರಿಗೆ ಬಿಎಸ್‌6 ಡೀಸೆಲ್ ಮಾರಿದವರ ಮೇಲೆ ನನಗೆ ಸಿಟ್ಟಿದೆ. ಕೊಳ್ಳುವಾಗ ಒಂದು ಮಾತು ಕೇಳಿ ಪೆಟ್ರೋಲ್ ಕೊಡಬಹುದಿತ್ತು.

ಬಾಳೆಹೊನ್ನೂರು ಮೇಷ್ಟ್ರು: ಓದಿ ಕೈಕಾಲು ತಣ್ಣಗಾಯಿತು. ಗಾಡಿ ಮುಟ್ಟುವುದಿಲ್ಲ. ನಾಳೆಯೇ ಸಾಗಿಸುತ್ತೇನೆ.

ಅಂಬಾಸಿಡರ್ ಅಭಿಮಾನಿ: ಇದಕ್ಕೇ ನಾನು ಹೇಳುವುದು. ನಮ್ಮ ಹಳೆಯ ಡೀಸೆಲ್ ಅಂಬಾಸಿಡರ್‌ಗೆ ಈ ರಗಳೆ ಯಾವುದೂ ಇರಲಿಲ್ಲ. ಒಂದು ಸ್ಪ್ಯಾನರ್ ಸಾಕಿತ್ತು.

ಮೆಕ್ಯಾನಿಕ್: ಇರಲಿಲ್ಲ, ನಿಜ. ಆ ಮಸಿ ಎಲ್ಲಿ ಹೋಗುತ್ತಿತ್ತು? ಗ್ಯಾರೇಜಿನಲ್ಲಿ ನಮ್ಮ ಎದೆಗೆ, ಬಸ್ ಸ್ಟ್ಯಾಂಡಿನಲ್ಲಿ ನಿಂತ ಮಕ್ಕಳ ಎದೆಗೆ.

ದಾವಣಗೆರೆ ಡೀಸೆಲ್: (ಫಾರ್ವರ್ಡ್) "ಡಿಪಿಎಫ್ ಕಿತ್ತು ಖಾಲಿ ಪೈಪ್ ಹಾಕಿಸಿ, ಮೈಲೇಜ್ ಹೆಚ್ಚುತ್ತದೆ. ಡಿಇಎಫ್ ದ್ರವಕ್ಕೆ ಹಣ ಸುರಿಯಬೇಡಿ, ಗೊಬ್ಬರದ ಯೂರಿಯಾ ನೀರಿನಲ್ಲಿ ಕದಡಿ ಹಾಕಿ. ಪೆಟ್ರೋಲ್ ಟ್ಯಾಂಕಿಗೆ ಎರಡು ಡಾಂಬರ್ ಗುಳಿಗೆ. ಎಲ್ಲರಿಗೂ ತಲುಪಿಸಿ."

ಮೆಕ್ಯಾನಿಕ್: ಯಾರಿಗೂ ತಲುಪಿಸಬೇಡಿ. ಡಿಪಿಎಫ್ ಕೀಳುವುದು ಕಾನೂನುಬಾಹಿರ. ಡಿಇಎಫ್ ಡೀಸೆಲ್ ಹೊಗೆ ಶುದ್ಧಗೊಳಿಸುವ ದ್ರವ, ಅದರಲ್ಲಿ 32.5 ಶೇಕಡಾ ಶುದ್ಧ ಯೂರಿಯಾ, ಉಳಿದದ್ದು ಖನಿಜ ತೆಗೆದ ನೀರು. ನಮ್ಮಲ್ಲಿ ಮಾರುವ ಗೊಬ್ಬರದ ಯೂರಿಯಾಕ್ಕೆ ಬೇವಿನೆಣ್ಣೆ ಲೇಪಿಸಿರುತ್ತಾರೆ. ಅದು ಇಂಜೆಕ್ಟರ್‌ನಲ್ಲಿ ಗಟ್ಟಿಯಾಗುತ್ತದೆ, ಕ್ಯಾಟಲಿಸ್ಟ್ ಹಾಳಾಗುತ್ತದೆ. ಡಾಂಬರ್ ಗುಳಿಗೆ ಬಟ್ಟೆಯ ಪೆಟ್ಟಿಗೆಗೆ ಹಾಕಿ.

ದಾವಣಗೆರೆ ಡೀಸೆಲ್: ನನಗೆ ಬಂದದ್ದನ್ನು ಹಾಕಿದೆ. ಇಷ್ಟು ಗದರುವ ಅಗತ್ಯವಿರಲಿಲ್ಲ.

ಮೆಕ್ಯಾನಿಕ್: ಇತ್ತು. ಇದನ್ನು ನಂಬಿ ಗಾಡಿ ಕೆಡಿಸಿಕೊಂಡವರು ಬರುವುದು ನನ್ನ ಗ್ಯಾರೇಜಿಗೆ.

ಹುಣಸೂರು ಹೊಗೆಸೊಪ್ಪು: ಸರ್, ಗಾಡಿ ಕಲಿಸಿದವರು, ಜಾರುವ ರಸ್ತೆಯಲ್ಲಿ ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡು ಎಂದಿದ್ದರು. ಹೊಸ ಗಾಡಿಯಲ್ಲಿ ಹಾಗೆ ಮಾಡಿದರೆ ನಿಲ್ಲುವುದು ತಡವಾಗುತ್ತದೆ.

ಮೆಕ್ಯಾನಿಕ್: ಎಬಿಎಸ್ (ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಬ್ರೇಕ್ ವ್ಯವಸ್ಥೆ) ಇಲ್ಲದ ಗಾಡಿಗೆ ಅವರ ಮಾತು ಸರಿ, ಚಕ್ರ ಕಚ್ಚಿಕೊಂಡರೆ ಸ್ಟಿಯರಿಂಗ್ ಕೇಳುವುದಿಲ್ಲ. ಎಬಿಎಸ್ ಇದ್ದರೆ ಪೂರ್ತಿ ಒತ್ತಿ, ಹಿಡಿದೇ ಇರಿ, ಸ್ಟಿಯರಿಂಗ್ ತಿರುಗಿಸಿ. ಕಾಲಿನ ಕೆಳಗೆ ಪೆಡಲ್ ನಡುಗುತ್ತದೆ, ಹೆದರಿ ಬಿಡಬೇಡಿ. ಬಿಟ್ಟು ಒತ್ತುವ ಕೆಲಸವನ್ನು ಅದು ಒಂದು ಸೆಕೆಂಡಿನಲ್ಲಿ ಹಲವು ಸಲ ತಾನೇ ಮಾಡುತ್ತದೆ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ. ನಿಮ್ಮ ಮನೆಯಲ್ಲಿ ಓಡಿಸುವ ಎಲ್ಲರಿಗೂ ಖಾಲಿ ಮೈದಾನದಲ್ಲಿ ಒಮ್ಮೆ ಅಭ್ಯಾಸ ಮಾಡಿಸಿ.

ಅಂಬಾಸಿಡರ್ ಅಭಿಮಾನಿ: ಎಬಿಎಸ್, ಏರ್‌ಬ್ಯಾಗ್ ಎಂದು ತಗಡಿನ ಡಬ್ಬ ಮಾರುತ್ತಾರೆ. ಅಂಬಾಸಿಡರ್ ಗುದ್ದಿದರೆ ಎದುರಿನ ಗಾಡಿ ಪುಡಿ, ನಮ್ಮದಕ್ಕೆ ಗೀರೂ ಇಲ್ಲ.

ವೈಟ್‌ಫೀಲ್ಡ್ ವಾಸಿ: ಗಾಡಿಗೆ ಗೀರಿಲ್ಲ, ಒಳಗಿದ್ದವರಿಗೆ? 2009ರಲ್ಲಿ ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ 1959ರ ಷೆವರ್ಲೆ ಬೆಲ್ ಏರ್ ಮತ್ತು 2009ರ ಮಾಲಿಬು ಕಾರನ್ನು ಮುಖಾಮುಖಿ ಗುದ್ದಿಸಿತು. ಹಳೆಯ ಭಾರೀ ಕಾರಿನ ಚಾಲಕನ ಜಾಗವೇ ಕುಸಿಯಿತು. ಹೊಸದರ ಚಾಲಕ ಬೊಂಬೆಗೆ ಕಾಲಿಗೆ ಪೆಟ್ಟು ಬಿದ್ದಿತು, ಅಷ್ಟೇ.

ಅಂಬಾಸಿಡರ್ ಅಭಿಮಾನಿ: ಅದು ಅಮೆರಿಕದ ಕಥೆ. ನಮ್ಮ ರಸ್ತೆ ನಿಮಗೆ ಗೊತ್ತಿಲ್ಲ. ಕಂಪ್ಯೂಟರ್ ಮುಂದೆ ಕೂರುವವರು ಗಾಡಿಯ ವಿಷಯ ಮಾತನಾಡಬಾರದು.

ವೈಟ್‌ಫೀಲ್ಡ್ ವಾಸಿ: ನಾನು ವಾರಕ್ಕೊಮ್ಮೆ ಶಿರಾಡಿ ಘಾಟಿ ಹತ್ತುತ್ತೇನೆ. ನೀವು ಕೊನೆಯ ಸಲ ಊರು ಬಿಟ್ಟದ್ದು ಯಾವಾಗ?

ಪದ್ಮಿನಿ ಪ್ರಿಯ: ಇಬ್ಬರೂ ಸಾಕು ಮಾಡಿ. ಹಳೆಯ ಗಾಡಿ ಇಟ್ಟುಕೊಂಡವರೆಲ್ಲ ಹೀಗೆ ಮಾತನಾಡುವುದಿಲ್ಲ.

ಮೆಕ್ಯಾನಿಕ್: ಅಭಿಮಾನಿಗಳೇ, ಅಂಬಾಸಿಡರ್ ನನ್ನ ಅನ್ನದ ಗಾಡಿ. ಆದರೆ ಮುಂಭಾಗ ಮಡಚಿಕೊಳ್ಳದಿದ್ದರೆ ಡಿಕ್ಕಿಯ ಬಲ ಸ್ಟಿಯರಿಂಗ್ ಕೋಲಿನ ಮೂಲಕ ಚಾಲಕನ ಎದೆಗೆ ಬರುತ್ತದೆ. ಅಂಥ ಗಾಡಿಗಳನ್ನು ನಾನು ಗ್ಯಾರೇಜಿಗೆ ಎಳೆದು ತಂದಿದ್ದೇನೆ. ಬಂಪರ್ ನೆಟ್ಟಗಿತ್ತು. ಈ ಮಾತು ಇಲ್ಲಿಗೆ ನಿಲ್ಲಿಸಿ.

ಅಂಬಾಸಿಡರ್ ಅಭಿಮಾನಿ: ನೀವೂ ಕಂಪನಿಗಳ ಪರವಾದಿರಿ.

ಸಾಗರದ ಸವಾರ: ನನ್ನ ಸನ್‌ರೂಫ್ ಪ್ರಶ್ನೆಗೆ ಉತ್ತರವೇ ಬಂದಿಲ್ಲ. ಜಗಳಕ್ಕೆ ಸಮಯವಿದೆ.

ಗದಗಿನ ಗಾಳಿ: ಕೂಲೆಂಟ್ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ತೆಗೆದರೆ ಎಂಜಿನ್ ತಣ್ಣಗಿರುತ್ತದಂತೆ. 2018ರ ಗಾಡಿ. ತೆಗೆಸಲೇ?

ಮೆಕ್ಯಾನಿಕ್: ಬೇಡ. ಎಂಜಿನ್ ತನ್ನ ಶಾಖಕ್ಕೆ ಬರದಿದ್ದರೆ ಇಸಿಯು ಪೆಟ್ರೋಲ್ ಹೆಚ್ಚು ಸುರಿಯುತ್ತಲೇ ಇರುತ್ತದೆ. ಎಂಜಿನ್ ಅತಿಯಾಗಿ ಬಿಸಿಯಾಗುತ್ತಿದ್ದರೆ ಫ್ಯಾನ್, ಕೂಲೆಂಟ್, ರೇಡಿಯೇಟರ್ ನೋಡಿಸಿ.

ಕನಕಪುರ ಕಾರು: ತಿಪಟೂರಿನವರ ಉತ್ತರ ಸಿಗಲಿಲ್ಲ ಸರ್. ಐದು ನಿಮಿಷ ಬಿಸಿ ಮಾಡಿದರೆ ಸಾಕೇ?

ಮೆಕ್ಯಾನಿಕ್: ಅರ್ಧ ನಿಮಿಷ. ಮೇಲೆ ಓದಿ.

ಬಾಳೆಹೊನ್ನೂರು ಮೇಷ್ಟ್ರು: ಸರ್, ಸೋಮವಾರದ ವರದಿ. ಗಾಡಿ ವರ್ಕ್‌ಶಾಪಿನಲ್ಲಿದೆ. ಐದು ಲೀಟರ್ ಹಿಡಿಯುವ ಎಂಜಿನ್‌ನಿಂದ ಆರೂವರೆ ಲೀಟರ್ ಇಳಿಯಿತು. ಕೋಡ್ ನೀವು ಹೇಳಿದ್ದೇ. ಅವರು ಇವತ್ತೇ ಮಸಿ ಸುಡಿಸಿ ಸಂಜೆಗೆ ಕೊಡುತ್ತೇವೆ ಎನ್ನುತ್ತಿದ್ದಾರೆ. ಶುಕ್ರವಾರಕ್ಕೆ ಬಾಡಿಗೆ ಗಾಡಿ ಹೇಳಿದ್ದೇನೆ.

ನಿರ್ವಾಹಕರು: ವೈಯಕ್ತಿಕ ಮಾತುಗಳನ್ನು ತೆಗೆದುಹಾಕಲಾಗಿದೆ. ಹೊಸ ಪ್ರಶ್ನೆಗಳನ್ನು ಇಲ್ಲಿಗೆ ಮುಗಿಸುತ್ತಿದ್ದೇವೆ.

ಮೆಕ್ಯಾನಿಕ್: ಮೇಷ್ಟ್ರೇ, ಒಂದೂವರೆ ಲೀಟರ್ ಬಹಳ ಹೆಚ್ಚು. ಇಂಜೆಕ್ಟರ್ ಸೋರಿಕೆ ಪರೀಕ್ಷೆ ಮಾಡಿದ್ದಾರೆಯೇ? ಮಾಡಿಲ್ಲದಿದ್ದರೆ ಇವತ್ತು ಸುಡಿಸಲು ಬಿಡಬೇಡಿ, ಎರಡು ದಿನ ತಡವಾದರೂ ಸರಿ. ಹಾಕಿದ ಆಯಿಲ್‌ನ ಗ್ರೇಡನ್ನು ಬಿಲ್‌ನಲ್ಲಿ ಬರೆಸಿಕೊಳ್ಳಿ. ಸ್ಕ್ಯಾನರ್‌ನಲ್ಲಿ ಬಂದ ಅಂಕಿಗಳ ಚಿತ್ರ ತೆಗೆದು ನನಗೆ ನೇರವಾಗಿ ಕಳುಹಿಸಿ. ವರ್ಕ್‌ಶಾಪಿನವರು ಒಪ್ಪದಿದ್ದರೆ ಫೋನ್ ಅವರ ಕೈಗೆ ಕೊಡಿ, ನಾನೇ ಮಾತನಾಡುತ್ತೇನೆ.