ಮಗನಿಗೆ 14 ವರ್ಷ, ತೂಕ 78 ಕೆಜಿ. ನಿಮ್ಮ ಮನೆಯಲ್ಲಿ ಏನು ಮಾಡಿದಿರಿ, ಹೇಳ್ತೀರಾ?

ಪ್ರಶ್ನೆ: ಹುಬ್ಬಳ್ಳಿ, ವಿದ್ಯಾನಗರದಿಂದ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ಮಗ ಒಂಬತ್ತನೇ ತರಗತಿ. ಎತ್ತರ 160 ಸೆಂಟಿಮೀಟರ್, ತೂಕ 78 ಕೆಜಿ. ಎರಡು ವರ್ಷದ ಹಿಂದೆ 54 ಇದ್ದ. ಹೋದ ವಾರ ಜ್ವರ ಅಂತ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಅವರು ಜ್ವರ ಬಿಟ್ಟು ಅವನ ಕುತ್ತಿಗೆಯನ್ನೇ ನೋಡಿದರು. ಹಿಂದುಗಡೆ ಕಪ್ಪಗೆ, ದಪ್ಪಗೆ ಆಗಿದೆ. ನಾನು ಕೊಳೆ ಅಂದುಕೊಂಡು ಆರು ತಿಂಗಳಿಂದ ಕಡಲೆಹಿಟ್ಟು, ನಿಂಬೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಅದು ಕೊಳೆ ಅಲ್ಲ, ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನೋದರ ಗುರುತು ಇರಬಹುದು, ರಕ್ತ ಪರೀಕ್ಷೆ ಮಾಡಿಸಿ ಅಂದರು. ಅವತ್ತಿನಿಂದ ನನಗೆ ನಿದ್ದೆ ಇಲ್ಲ.

ಅವನ ದಿನ ಹೀಗಿರುತ್ತೆ. ಬೆಳಿಗ್ಗೆ ಹಾಲು, ಬಿಸ್ಕಿಟ್. ಮಧ್ಯಾಹ್ನದ ಡಬ್ಬಿ ಅರ್ಧ ವಾಪಸ್ ಬರುತ್ತೆ. ಸಂಜೆ 4.30ಕ್ಕೆ ಮನೆ, 5.30ಕ್ಕೆ ಟ್ಯೂಷನ್. ಹೋಗುವ ದಾರಿಯಲ್ಲಿ ಬೇಕರಿ. ಪಫ್ಸ್, ಕೂಲ್ ಡ್ರಿಂಕ್ಸ್, ಒಮ್ಮೊಮ್ಮೆ ಗೋಬಿ ಮಂಚೂರಿ. ರಾತ್ರಿ 9ಕ್ಕೆ ಬಂದು ಹಸಿವಿಲ್ಲ ಅಂತಾನೆ, 11ಕ್ಕೆ ನೂಡಲ್ಸ್ ಮಾಡಿಕೊಳ್ಳುತ್ತಾನೆ. ಬೈದೆ. ಕೈಯಲ್ಲಿ ದುಡ್ಡು ಕೊಡೋದು ನಿಲ್ಲಿಸಿದೆ. ಮೊನ್ನೆ ಹಾಸಿಗೆ ಝಾಡಿಸುವಾಗ ದಿಂಬಿನ ಚೀಲದೊಳಗೆ ಹದಿನಾಲ್ಕು ಖಾಲಿ ಪ್ಯಾಕೆಟ್ ಸಿಕ್ಕವು.

ಅತ್ತೆಯವರು 'ಬೆಳಿಯೋ ಹುಡುಗ, ಉಣ್ಲಿ ಬಿಡು' ಅಂತಾರೆ. ಅವರಪ್ಪ ಜಿಮ್‌ಗೆ ಹಾಕೋಣ ಅಂತಾರೆ. ಇಂಥದ್ದನ್ನು ದಾಟಿ ಬಂದವರು ಯಾರಾದರೂ ಇದ್ದರೆ, ನಿಮ್ಮ ಮನೆಯಲ್ಲಿ ನಡೆದದ್ದನ್ನೇ ಹೇಳಿ.

ಗದಗದಿಂದ, ಇಬ್ಬರು ಗಂಡುಮಕ್ಕಳ ತಾಯಿ

ಅಕ್ಕಾರೆ, ಕುತ್ತಿಗೆ ತಿಕ್ಕಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ನಾನೂ ತಿಕ್ಕಿದ್ದೇನೆ. ನನ್ನ ದೊಡ್ಡ ಮಗ 13ನೇ ವಯಸ್ಸಿಗೆ 71 ಕೆಜಿ ಇದ್ದ. ಈಗ ಅವನಿಗೆ 16. ನಾವು ಮಾಡಿದ ತಪ್ಪನ್ನೂ ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ಮೊದಲನೇ ತಪ್ಪು, ಅವನೊಬ್ಬನಿಗೇ ಬೇರೆ ಅಡುಗೆ ಮಾಡಿದ್ದು. ಅವನ ತಾಟಿನಲ್ಲಿ ಓಟ್ಸ್, ಪಕ್ಕದಲ್ಲಿ ತಮ್ಮನ ತಾಟಿನಲ್ಲಿ ಪೂರಿ. ಸಂಜೆ ಅವರಪ್ಪ ಚಹಾ ಜೊತೆ ಖಾರಾ ತಿನ್ನುತ್ತಾ ಟಿವಿ ಮುಂದೆ. ಹದಿನೈದು ದಿನ ಹೇಗೋ ನಡೆಯಿತು. ಒಂದು ದಿನ ತಾಟು ಸರಿಸಿ ಎದ್ದುಬಿಟ್ಟ. 'ಈ ಮನ್ಯಾಗ ನಾನೊಬ್ಬನ ಏನ್ ತಪ್ಪ ಮಾಡೇನಿ?' ಅಂದ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಆಮೇಲೆ ಅವನ ಊಟ ಬಿಟ್ಟು ಮನೆಯ ಸಂತೆ ಬದಲು ಮಾಡಿದೆವು. ಬಿಸ್ಕಿಟ್, ಚಿಪ್ಸ್, ಬಾಟಲಿ ಯಾರಿಗೂ ತರಲಿಲ್ಲ. ಡಬ್ಬಿಯಲ್ಲಿ ಇದ್ದರೆ ದಿನಾ ಕಾಯಬೇಕು, ದಿನಾ ಜಗಳ. ಇಲ್ಲದಿದ್ದರೆ ಕಾಯೋದೇ ಬೇಡ. ನಮ್ಮ ಮಾವನವರು ಒಂದು ತಿಂಗಳು ಸಿಟ್ಟಾಗಿದ್ದರು. ಐದು ಜನಕ್ಕೆ ತಿಂಗಳಿಗೆ 6 ಲೀಟರ್ ಎಣ್ಣೆ ಹೋಗುತ್ತಿತ್ತು. ಈಗ 4 ಲೀಟರ್ ಒಳಗೆ ಮುಗಿಯುತ್ತೆ. ಇದನ್ನು ಮಗನಿಗೆ ಹೇಳಲೇ ಇಲ್ಲ, ಸುಮ್ನೆ ಮಾಡುತ್ತಾ ಹೋದೆ.

ನೀವು ಬರೆದದ್ದರಲ್ಲಿ ನನಗೆ ಎದ್ದು ಕಂಡದ್ದು 4.30 ರಿಂದ 5.30ರ ಹೊತ್ತು. ಬಿಸ್ಕಿಟ್ ಮೇಲೆ ಶಾಲೆಗೆ ಹೋದವನು, ಅರ್ಧ ಡಬ್ಬಿ ತಿಂದವನು, ಸಂಜೆ ಬರುವಾಗ ಎಷ್ಟು ಹಸಿದಿರಬೇಕು ಹೇಳಿ. ಆಗ ಮನೆಯಲ್ಲಿ ಬಿಸಿಯಾಗಿ ಏನೂ ಇರದಿದ್ದರೆ ಬೇಕರಿಗೇ ಹೋಗುತ್ತಾನೆ. ನಾನು ಆ ಒಂದು ಗಂಟೆಗೆ ದಿನಾ ಅಡುಗೆ ಮಾಡತೊಡಗಿದೆ. ಖಟಕ್ ರೊಟ್ಟಿ ಮುರಿದು ಮೊಸರು, ಶೇಂಗಾ ಚಟ್ನಿ. ಅವನಿಗೆ ಕರಂ ಕುರುಂ ಅನ್ನೋದು ಬೇಕಿತ್ತು, ಚಿಪ್ಸಿನ ಜಾಗಕ್ಕೆ ಅದು ಬಂತು. ಮೊಳಕೆ ಹೆಸರುಕಾಳಿನ ಉಸಳಿ. ವಾರಕ್ಕೆ ಎರಡು ಸಲ ಗಿರ್ಮಿಟ್, ಅಂದರೆ ಒಗ್ಗರಣೆಯಲ್ಲಿ ಕಲಸಿದ ಚುರುಮುರಿ. ಚುರುಮುರಿ ಒಂದನ್ನೇ ಕೊಟ್ಟರೆ ಗಂಟೆಯಲ್ಲಿ ಮತ್ತೆ ಹಸಿವಾಗುತ್ತೆ. ಅದಕ್ಕೆ ಪುಠಾಣಿ (ಹುರಿಗಡಲೆ) ಪುಡಿ ಜಾಸ್ತಿ ಹಾಕಿ, ಮೇಲೆ ಒಂದು ಹಿಡಿ ಹುರಿದ ಶೇಂಗಾ, ಉಳ್ಳಾಗಡ್ಡಿ, ಟೊಮೆಟೊ, ಕೊತ್ತಂಬರಿ. ಜೊತೆಗೆ ಮಿರ್ಚಿ ಬಜ್ಜಿ ಇಲ್ಲ. ಮೊಟ್ಟೆ ತಿನ್ನುವವರಾದರೆ ಎರಡು ಬೇಯಿಸಿ ಕೊಡಿ, ಅದಕ್ಕಿಂತ ಸುಲಭ ಇನ್ನೊಂದಿಲ್ಲ.

ಊಟದ ಜೊತೆ ಹಕ್ಕರಕಿ, ಮೆಂತ್ಯೆ ಸೊಪ್ಪು, ಮೂಲಂಗಿ, ಸೌತೆಕಾಯಿ ಹಸಿಯಾಗೇ ಕಡಿದು ತಿನ್ನೋದು ನಮ್ಮ ಕಡೆ ಪದ್ಧತಿ ಅಲ್ವಾ. ಅದು ನಮ್ಮ ಮನೆಯಿಂದ ಯಾವಾಗ ಹೋಯಿತೋ ನನಗೇ ಗೊತ್ತಾಗಿರಲಿಲ್ಲ. ವಾಪಸ್ ತಂದೆವು. ಆದರೆ ಜೋಳದ ರೊಟ್ಟಿ ಅಂದಕೂಡಲೇ ಎಷ್ಟಾದರೂ ತಿನ್ನಬಹುದು ಅಂತ ಅಲ್ಲ. ಚಟ್ನಿ ಪುಡಿ ಮೇಲೆ ಎಣ್ಣೆ ಸುರಿದುಕೊಂಡು ಕಲಸೋದು ನಮ್ಮ ರೂಢಿ, ಅಲ್ಲಿ ಕೈ ಹಿಡಿಯಬೇಕು. ನಾವು ಮೊಸರಲ್ಲಿ ಕಲಸುತ್ತೇವೆ.

ಕೂಲ್ ಡ್ರಿಂಕ್ಸ್ ಬಿಡಿಸಿದ್ದು ನನ್ನ ಮಾತಲ್ಲ. ಅವನೇ ಬಾಟಲಿಯ ಹಿಂದಿನ ಚೀಟಿ ಓದಿದ. 100 ಮಿಲಿಲೀಟರ್‌ಗೆ ಸಕ್ಕರೆ 10 ಗ್ರಾಂ ಮೇಲೆ. 750ರ ಬಾಟಲಿಗೆ ಲೆಕ್ಕ ಹಾಕಿ, ಅಷ್ಟು ಸಕ್ಕರೆ ತೂಗಿ ಬಟ್ಟಲಿಗೆ ಹಾಕಿದ. 75 ಗ್ರಾಂ. ದಿನಕ್ಕೆ 25 ಗ್ರಾಂ ಒಳಗೆ ಇದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೇ ಹೇಳುತ್ತೆ. ಆ ಬಟ್ಟಲನ್ನು ಅವನು ಎರಡು ದಿನ ಅಡುಗೆಮನೆ ಕಟ್ಟೆ ಮೇಲೆ ಹಾಗೇ ಇಟ್ಟಿದ್ದ.

ನಡಿಗೆ ಮಾತ್ರ ನಮ್ಮಲ್ಲಿ ಸೋತಿತು. ಭೀಷ್ಮ ಕೆರೆ ಹತ್ತಿರ ದಿನಾ ಕರೆದುಕೊಂಡು ಹೋದೆ. ಗೊತ್ತಿದ್ದವರು ನೋಡಿ ಮಾತಾಡಿಸುತ್ತಾರೆ ಅಂತ ಅವನಿಗೆ ನಾಚಿಕೆ. ಹಳೇ ಸೈಕಲ್ ರಿಪೇರಿ ಮಾಡಿಸಿ ಕೊಟ್ಟೆವು, ಟ್ಯೂಷನ್‌ಗೆ ಅದರಲ್ಲೇ ಹೋಗಿ ಬಂದ. ಎಂಟು ತಿಂಗಳಾದ ಮೇಲೆ ತೂಕ 70. ಬರೀ ಒಂದು ಕೆಜಿ! ನಾನು ಅಳುವುದೊಂದು ಬಾಕಿ. ಆದರೆ ಎತ್ತರ 6 ಸೆಂಟಿಮೀಟರ್ ಬೆಳೆದಿತ್ತು. ಬೆಳೆಯೋ ಮಗುವಿಗೆ ತೂಕ ಏರದೆ ನಿಂತರೆ ಅದೇ ದೊಡ್ಡದು ಅಂದರು ಡಾಕ್ಟರ್. ಕುತ್ತಿಗೆ ತಿಳಿಯಾಗಲು ಒಂದು ವರ್ಷದ ಮೇಲೆ ಹಿಡಿಯಿತು. ಈಗಲೂ ಸ್ವಲ್ಪ ಇದೆ.

ಧಾರವಾಡದಿಂದ, 22 ವರ್ಷದ ವಿದ್ಯಾರ್ಥಿ

ಅಕ್ಕಾ, ನಾನು ನಿಮ್ಮ ಮಗನಂತೆಯೇ ಇದ್ದ ಹುಡುಗ. ಹತ್ತನೇ ತರಗತಿಯಲ್ಲಿ 92 ಕೆಜಿ. ಪ್ಯಾಕೆಟ್ ಅಡಗಿಸುತ್ತಿದ್ದೆ. ನಾನು ಬಚ್ಚಲಲ್ಲಿ ನಿಂತು ತಿಂದಿದ್ದೇನೆ, ಸಪ್ಪಳ ಕೇಳಬಾರದು ಅಂತ ನಲ್ಲಿ ಬಿಟ್ಟು. ಆಗ ಹಸಿವು ಇರುತ್ತಿರಲಿಲ್ಲ. ಯಾರಾದರೂ ಏನಾದರೂ ಅಂದ ದಿನವೇ ಜಾಸ್ತಿ ತಿನ್ನುತ್ತಿದ್ದೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಒಬ್ಬ ಸಂಬಂಧಿಕರು ಪಂಕ್ತಿಗೆಲ್ಲ ಕೇಳುವಂತೆ 'ಇವಗ ಹೋಳಿಗಿ ಹಾಕಬ್ಯಾಡ್ರಿ' ಅಂದಿದ್ದರು. ಅಮ್ಮ ಪಕ್ಕದಲ್ಲೇ ಇದ್ದರು. ಏನೂ ಹೇಳಲಿಲ್ಲ. ಹೋಳಿಗೆ ಹೋದದ್ದಕ್ಕಿಂತ ಅದು ಈಗಲೂ ನೋಯುತ್ತೆ.

ಪ್ಯಾಕೆಟ್ ಸಿಕ್ಕ ವಿಷಯ ಅವನ ಮುಂದೆ ಎತ್ತಬೇಡಿ ಅಕ್ಕಾ. ಯಾರಾದರೂ ಅವನ ಮೈ ಬಗ್ಗೆ ಮಾತಾಡಿದರೆ ಅಲ್ಲೇ ತಡೆಯಿರಿ. ಅವನಿಗೆ ಕೇಳುವ ಹಾಗೆ ತಡೆಯಿರಿ.

ನಾನು ಇಳಿದದ್ದು ಧಾರವಾಡಕ್ಕೆ ಬಂದು ಸಪ್ತಾಪುರದಲ್ಲಿ ರೂಮು ಮಾಡಿದ ಮೇಲೆ. ಇಲ್ಲಿ ಕೋಚಿಂಗ್‌ಗೆ ಬಂದ ಹುಡುಗರು ಎಗ್ ರೈಸ್ ಗಾಡಿ ಮೇಲೇ ತಿಂಗಳು ಕಳೆಯುತ್ತಾರೆ, ನಾನೂ ಆರು ತಿಂಗಳು ಕಳೆದೆ. ಆಮೇಲೆ ಗೆಳೆಯನೊಬ್ಬ ಖಾನಾವಳಿಯಲ್ಲಿ ತಿಂಗಳ ಊಟ ಹಚ್ಚಿಸಿದ. ಹೊತ್ತಿಗೆ ಸರಿಯಾಗಿ ರೊಟ್ಟಿ, ಕಾಳುಪಲ್ಯ, ಸೊಪ್ಪು, ಮಜ್ಜಿಗೆ. ಬೆಳಿಗ್ಗೆ ಕರ್ನಾಟಕ ಕಾಲೇಜಿನ ಮೈದಾನದಲ್ಲಿ ಮೂರು ಸುತ್ತು, ಯಾರೂ ನನ್ನನ್ನು ನೋಡುವುದಿಲ್ಲ ಅಂತ ಗೊತ್ತಾಗಲು ಒಂದು ವಾರ ಬೇಕಾಯಿತು. ಈಗ 79.

ವಿದ್ಯಾನಗರದ ತಾಯಿ

ತಮ್ಮಾ, ನಿನ್ನ ಬರಹ ಓದಿ ಕಣ್ಣಲ್ಲಿ ನೀರು ಬಂತು. ಆದರೆ ಪ್ಯಾಕೆಟ್ ವಿಷಯಕ್ಕೆ ನಾನು ಆಗಲೇ ಕೂಗಾಡಿಬಿಟ್ಟಿದ್ದೇನೆ. ಅವರಪ್ಪನ ಮುಂದೆ, ಅತ್ತೆಯ ಮುಂದೆ. ಈಗ ಏನು ಮಾಡಲಿ?

ಧಾರವಾಡದ ವಿದ್ಯಾರ್ಥಿ

ಅವನೊಬ್ಬನೇ ಇದ್ದಾಗ, ತಪ್ಪಾಯಿತು ಅಂತ ಹೇಳಿ ಅಕ್ಕಾ. ಅಷ್ಟೇ ಹೇಳಿ. ಅದರ ಹಿಂದೆಯೇ ತೂಕದ ಮಾತು ತೆಗೆಯಬೇಡಿ.

ಹುಬ್ಬಳ್ಳಿಯಿಂದ, ಗೋಬಿ ಗಾಡಿ ಇಟ್ಟವರು

ನಾನು ಒಂಬತ್ತು ವರ್ಷದಿಂದ ಗೋಬಿ, ನೂಡಲ್ಸ್ ಗಾಡಿ ನಡೆಸುತ್ತೇನೆ. ಹೇಳಬೇಕು ಅನ್ನಿಸಿತು, ಅದಕ್ಕೆ ಬರೆಯುತ್ತಿದ್ದೇನೆ. ಗೋಬಿ ಅಂದರೆ ಜನ ತರಕಾರಿ ಅಂದುಕೊಳ್ಳುತ್ತಾರೆ. ಕಾರ್ನ್‌ಫ್ಲೋರ್, ಮೈದಾ ಹಚ್ಚಿ ಕರಿಯುತ್ತೇವೆ, ಆ ಹಿಟ್ಟು ಎಣ್ಣೆ ಕುಡಿಯುತ್ತೆ. ಆಮೇಲೆ ಸಾಸಿನಲ್ಲಿ ಮತ್ತೆ ಎಣ್ಣೆ, ಉಪ್ಪು, ಸಕ್ಕರೆ. 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕಬಾರದು ಅಂತ ನಿಷೇಧ ಮಾಡಿತು. ಪರೀಕ್ಷೆ ಮಾಡಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಬಣ್ಣ ಸಿಕ್ಕಿತ್ತು. ನಾನು ಅವತ್ತೇ ಬಿಟ್ಟೆ. ಬ್ಯಾಡಗಿ ಮೆಣಸಿನಕಾಯಿ ನೆನೆಸಿ ರುಬ್ಬಿ ಹಾಕಿದರೆ ಕೆಂಪು ಬಂದೇ ಬರುತ್ತೆ, ಖಾರವೂ ಕಡಿಮೆ. ಆದರೆ ಬಣ್ಣ ತೆಗೆದರೆ ಎಣ್ಣೆ ಹೋಗೋದಿಲ್ಲ, ಅದು ನೆನಪಿರಲಿ.

ನನ್ನ ಮಗಳು ಗಾಡಿ ಹತ್ತಿರ ಬಂದರೆ ತಿಂಗಳಿಗೆ ಒಂದೆರಡು ಸಲ ಅರ್ಧ ಪ್ಲೇಟ್ ಕೊಡುತ್ತೇನೆ. ನಿಮ್ಮ ಮಗನಿಗೆ ಪೂರ್ತಿ ಬಂದ್ ಮಾಡಬೇಡಿ. ವಾರಕ್ಕೊಂದು ದಿನ ನೀವೇ ಕರೆದುಕೊಂಡು ಬನ್ನಿ, ಅರ್ಧ ಪ್ಲೇಟ್ ತೆಗೆದುಕೊಂಡು ಜೊತೆಗೆ ನಿಂತು ತಿನ್ನಿ. ಎಣ್ಣೆ ಕರ್ರಗೆ ಆಗಿ ಹೊಗೆ ಬರುತ್ತಿದ್ದರೆ ಆ ಗಾಡಿ ಬಿಟ್ಟು ಮುಂದೆ ಹೋಗಿ. ಗಿರಾಕಿ ಕೇಳಿದರೆ ನಾವು ಬದಲಾಗುತ್ತೇವೆ.

ಹಾವೇರಿಯಿಂದ, ಆಸ್ಪತ್ರೆಯಲ್ಲಿ ನರ್ಸ್

ಅಕ್ಕಾರೆ, ರಕ್ತ ಪರೀಕ್ಷೆ ಮುಂದೂಡಬೇಡಿ. ಸಾಮಾನ್ಯವಾಗಿ ಸಕ್ಕರೆ, ಮೂರು ತಿಂಗಳ ಸರಾಸರಿ ಸಕ್ಕರೆ, ಕೊಬ್ಬು, ಲಿವರ್ ನೋಡುತ್ತಾರೆ, ಬಿಪಿಯನ್ನೂ ನೋಡುತ್ತಾರೆ. ಬಹಳ ತಾಯಂದಿರು 'ಥೈರಾಯ್ಡ್ ಇರಬೇಕು' ಅಂತಲೇ ಬರುತ್ತಾರೆ. ಬೇಕಾದರೆ ಅದನ್ನೂ ಮಾಡಿಸಿ, ಆದರೆ ಎತ್ತರ ಚೆನ್ನಾಗಿ ಬೆಳೆಯುತ್ತಿರುವ ಮಕ್ಕಳಲ್ಲಿ ಅದು ಕಾರಣ ಆಗಿರೋದು ಅಪರೂಪ. ಅವನು ರಾತ್ರಿ ಜೋರಾಗಿ ಗೊರಕೆ ಹೊಡೆದು, ಹಗಲು ತೂಕಡಿಸುತ್ತಾನಾ ನೋಡಿ. ಹಾಗಿದ್ದರೆ ಡಾಕ್ಟರಿಗೆ ಹೇಳಲೇಬೇಕು.

ಮಕ್ಕಳ ತೂಕವನ್ನು ದೊಡ್ಡವರ ಲೆಕ್ಕದಲ್ಲಿ ಅಳೆಯಬಾರದು, ವಯಸ್ಸಿಗೆ ತಕ್ಕ ಪಟ್ಟಿ ಬೇರೆ ಇದೆ. ಅವನು ಆ ಪಟ್ಟಿಯಲ್ಲೂ ಬೊಜ್ಜಿನ ಗೆರೆ ದಾಟಿದ್ದಾನೆ, ಅದನ್ನು ಮುಚ್ಚಿ ಹೇಳುವುದಿಲ್ಲ. ಆದರೆ ನೀವೊಬ್ಬರೇ ಅಲ್ಲ. 2022ರ ಅಂದಾಜಿನಂತೆ ನಮ್ಮ ದೇಶದಲ್ಲಿ 5 ರಿಂದ 19 ವರ್ಷದ ಸುಮಾರು 1.25 ಕೋಟಿ ಮಕ್ಕಳಿಗೆ ಬೊಜ್ಜು ಇದೆ. ನಮ್ಮ ವಾರ್ಡಿನಲ್ಲಿ ರಕ್ತ ಇಲ್ಲದೆ ಬಿಳಿಚಿಕೊಂಡ ಮಕ್ಕಳನ್ನೂ ನೋಡುತ್ತೇನೆ. ಇಬ್ಬರ ಕೈಯಲ್ಲೂ ಅದೇ ಐದು ರೂಪಾಯಿ ಪ್ಯಾಕೆಟ್.

ತೂಕ ಇಳಿಸೋ ಪುಡಿ, ಶೇಕ್, ಯಾವುದೂ ಬೇಡ. ಯಾರು ಮನೆಗೆ ತಂದು ಕೊಟ್ಟರೂ ಬೇಡ.

ರಾಣೆಬೆನ್ನೂರಿನಿಂದ, ಕಾಲೇಜು ಹುಡುಗಿಯ ತಾಯಿ

ಹೆಣ್ಣುಮಕ್ಕಳ ತಾಯಂದಿರಿಗೆ ಒಂದು ಮಾತು. ನನ್ನ ಮಗಳು ತೆಳ್ಳಗಾಗಲು ಬೆಳಗಿನ ತಿಂಡಿ ಬಿಟ್ಟಳು. 11ಕ್ಕೆ ಹಸಿವು ತಾಳದೆ ಬೇಕರಿ. ತೂಕ ಏರಿತು, ಮುಟ್ಟು ಎರಡು ಮೂರು ತಿಂಗಳು ತಪ್ಪತೊಡಗಿತು. ಪಿಸಿಓಡಿ, ಅಂದರೆ ಅಂಡಾಶಯದ ಹಾರ್ಮೋನ್ ತೊಂದರೆ ಅಂದರು. ಮತ್ತೆ ಬೆಳಿಗ್ಗೆ ಹೊಟ್ಟೆತುಂಬ ತಿನ್ನತೊಡಗಿದ ಮೇಲೆ ಬೇಕರಿ ತಾನಾಗೇ ಬಿಟ್ಟುಹೋಯಿತು. ಶಾಲೆ ಗೇಟಿನ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರೋದನ್ನು ಮಾರಬಾರದು ಅಂತ 2020ರ ನಿಯಮವೇ ಇದೆ. ಅಕ್ಕಾರೆ, ನಿಮ್ಮ ಮಗ ಓದೋ ಶಾಲೆಯ ಪಾಲಕರ ಸಭೆಯಲ್ಲಿ ಎದ್ದು ಕೇಳಿ.

ವಿದ್ಯಾನಗರದ ತಾಯಿ, ಆರು ವಾರದ ನಂತರ

ಎಲ್ಲರಿಗೂ ತಿಳಿಸಬೇಕು ಅಂತ ಬಂದೆ. ರಕ್ತ ಪರೀಕ್ಷೆ ಆಯಿತು. ಸಕ್ಕರೆ ಅಂಚಿನಲ್ಲಿದೆ, ಲಿವರ್‌ನಲ್ಲಿ ಸ್ವಲ್ಪ ಕೊಬ್ಬು ಇದೆ. ಮೂರು ತಿಂಗಳಿಗೆ ಮತ್ತೆ ಬರಲು ಹೇಳಿದ್ದಾರೆ. ತೂಕ 77.5.

ಮಗನಿಗೆ ತಪ್ಪಾಯಿತು ಅಂದೆ. ಅವನು ಏನೂ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ತಾನೇ ಡಬ್ಬಿ ತಂದು 'ಇದರಾಗ ಚಪಾತಿ ಗಟ್ಟಿ ಆಗಿರ್ತಾವವ್ವಾ, ಅದಕ್ಕ ವಾಪಸ್ ತರ್ತೀನಿ' ಅಂದ. ಎರಡು ವರ್ಷ ನಾನು ಇದನ್ನು ಕೇಳಿಯೇ ಇರಲಿಲ್ಲ. ಈಗ ಮೊಸರು ಹಾಕಿ ಹಿಟ್ಟು ನಾದುತ್ತೇನೆ. ಡಬ್ಬಿ ಖಾಲಿ ಬರುತ್ತೆ.

ಸಂಜೆ 4.30ರ ಹೊತ್ತನ್ನು ಅತ್ತೆಯವರಿಗೆ ಒಪ್ಪಿಸಿದ್ದೇನೆ. ಮೊಮ್ಮಗನಿಗೆ ಕಡಿಮೆ ಹಾಕಿ ಅಂದರೆ ಅವರು ಕೇಳುತ್ತಿರಲಿಲ್ಲ. ನೀವೇ ಮಾಡಿಕೊಡಿ ಅಂದದ್ದಕ್ಕೆ ಝುಣಕದ ವಡಿ, ಉಸಳಿ, ದಿನಕ್ಕೊಂದು ಮಾಡುತ್ತಾರೆ. ಶನಿವಾರ ಅಪ್ಪ ಮಗ ದುರ್ಗದಬೈಲಿಗೆ ಹೋಗಿ ಅರ್ಧ ಪ್ಲೇಟ್ ತಿಂದು ಬರುತ್ತಾರೆ. ಜಿಮ್ ಮಾತು ಬಿಟ್ಟೆವು. ಭಾನುವಾರ ನೃಪತುಂಗ ಬೆಟ್ಟ ಹತ್ತುತ್ತಾರೆ, ಅವರಪ್ಪನಿಗೇ ಮೊದಲು ಉಸಿರು ಕಟ್ಟುತ್ತೆ.

ರಾತ್ರಿ 11ರ ನೂಡಲ್ಸ್ ಮಾತ್ರ ಇನ್ನೂ ನಿಂತಿಲ್ಲ. ಅದನ್ನು ಯಾರಾದರೂ ಬಿಡಿಸಿದ್ದೀರಾ?

ಗದಗದ ತಾಯಿ

ಟ್ಯೂಷನ್‌ನಿಂದ ಬಂದ ಕೂಡಲೇ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂಡಿ ಅಕ್ಕಾರೆ, ಅವನೊಬ್ಬನಿಗೆ ಬಡಿಸಿ ನೀವು ಆಮೇಲೆ ಅಂತ ಬೇಡ. 10 ಗಂಟೆಗೆ ಎಲ್ಲರ ಫೋನೂ ಹೊರಗಿನ ಕೋಣೆಯಲ್ಲಿ, ನಿಮ್ಮದೂ ಸೇರಿ. ನಮ್ಮ ಹುಡುಗನಿಗೆ ನೂಡಲ್ಸ್ ಬಿಟ್ಟದ್ದು ಎಚ್ಚರ ಇರೋದು ಬಿಟ್ಟ ಮೇಲೆ. ನಾಲ್ಕು ತಿಂಗಳು ಹಿಡಿಯಿತು.