ಎರಡೂ ಒಂದೇ ಅಂತಾರೆ ಪೇಂಟರ್, ನಿಜವಾ?

ಮೈಸೂರಿನಲ್ಲಿ ನಮ್ಮದು ಹಳೇ ಮನೆ. ಅತ್ತೆಯ ಕೋಣೆಗೆ ಬಣ್ಣ ಹೊಡೆಸಬೇಕು. 10 ಅಡಿಗೆ 12 ಅಡಿ, ಒಂದೇ ಕಿಟಕಿ, ಅದೂ ಉತ್ತರಕ್ಕೆ. ನೆಲ ರೆಡ್ ಆಕ್ಸೈಡ್. ಶೇಡ್ ಕಾರ್ಡಿನಲ್ಲಿ ಆರಿಸಿ ಆರಿಸಿ ಎರಡು ಉಳಿದಿವೆ. ಒಂದು ತಿಳಿ ಕೆನೆ ಬಣ್ಣ, ಇನ್ನೊಂದು ಚೂರು ಬೂದು ಬೆರೆತ ಬಿಳಿ. "ಎರಡೂ ಒಂದೇ ಮೇಡಂ" ಅಂತಾರೆ ಪೇಂಟರ್. ಮನೆಯವರಿಗೂ ವ್ಯತ್ಯಾಸ ಕಾಣುತ್ತಿಲ್ಲ. ಹೊಡೆಸಿ ನೋಡಿದವರು ಹೇಳಿ.

• ಒಂದೇ ಅಲ್ಲ ಅಕ್ಕ! ಉತ್ತರದ ಕಿಟಕಿಯಲ್ಲಿ ವರ್ಷದ ಹೆಚ್ಚು ದಿನ ನೇರ ಬಿಸಿಲು ಬರುವುದಿಲ್ಲ, ಆಕಾಶದ ಬೆಳಕಷ್ಟೇ. ಅದರಲ್ಲಿ ನೀಲಿ ಜಾಸ್ತಿ. ನಮ್ಮದೂ ಉತ್ತರದ ಕೋಣೆ, ಬೂದು ಬಿಳಿಯೇ ಹೊಡೆಸಿದ್ದೆವು. ಕಾರ್ಡಿನಲ್ಲಿ ಎಷ್ಟು ಚೆಂದ ಇತ್ತು! ಮಳೆಗಾಲ ಬಂದಾಗ ನೋಡಬೇಕಿತ್ತು, ಥೇಟ್ ಆಸ್ಪತ್ರೆ ವಾರ್ಡು. ಎರಡು ವರ್ಷ ಸಹಿಸಿಕೊಂಡು ಮತ್ತೆ ಹೊಡೆಸಿದೆವು.

• ಹಾಗಂತ ಕಣ್ಣು ಮುಚ್ಚಿ ಕೆನೆ ಬಣ್ಣಕ್ಕೆ ಹೋಗಬೇಡಿ. ಕೆಂಪು ನೆಲದ ಬಣ್ಣ ಗೋಡೆಗೂ ಹೊಡೆಯುತ್ತದೆ. ನಮ್ಮ ಹಜಾರದಲ್ಲಿ ಗೋಡೆಯ ಕೆಳಗಿನ ಎರಡಡಿ ಮಧ್ಯಾಹ್ನ ನಸುಗೆಂಪಾಗಿ ಕಾಣುತ್ತದೆ. ನನಗೆ ಅದು ಇಷ್ಟ, ನನ್ನ ಗಂಡನಿಗೆ ಆಗುವುದಿಲ್ಲ.

• ಕಾರ್ಡು ನೋಡಿ ತೀರ್ಮಾನ ಮಾಡಲೇಬೇಡಿ. ಅಷ್ಟು ಚಿಕ್ಕ ಚೌಕದಲ್ಲಿ ಕಾಣದ ಹಳದಿ ನಾಲ್ಕೂ ಗೋಡೆಗೆ ಬಂದಾಗ ಎದ್ದು ಕಾಣುತ್ತದೆ. ಎರಡರದ್ದೂ ಅಂಗಡಿಯಲ್ಲಿ ಸಿಗುವ ಅತಿ ಚಿಕ್ಕ ಡಬ್ಬಿ ತನ್ನಿ. ಬಿಳಿ ಡ್ರಾಯಿಂಗ್ ಶೀಟಿಗೆ ಎರಡು ಕೋಟ್ ಹೊಡೆಯಿರಿ, ಸುತ್ತ ಬಿಳಿ ಅಂಚು ಬಿಡಿ. ಇಲ್ಲದಿದ್ದರೆ ಪಕ್ಕದ ಹಳೇ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಹಸಿ ಬಣ್ಣ ನಂಬಬೇಡಿ, ರಾತ್ರಿಯಿಡೀ ಒಣಗಲಿ. ಆಮೇಲೆ ಕಿಟಕಿ ಪಕ್ಕ, ಕಿಟಕಿ ಎದುರಿನ ಗೋಡೆ, ಮೂಲೆ, ಎಲ್ಲ ಕಡೆ ಅಂಟಿಸಿ ಎರಡು ದಿನ ನೋಡಿ.

• ರಾತ್ರಿಯೂ ನೋಡಿ. ಬಲ್ಬಿನ ಡಬ್ಬಿಯ ಮೇಲೆ 6500ಕೆ ಅಂತಿದ್ದರೆ ನೀಲಿ ಹೊಡೆಯುವ ಬಿಳಿ ಬೆಳಕು, 3000ಕೆ ಅಂದರೆ ಹಳದಿ. ನಾನು ಬಲ್ಬು ಬದಲಾಯಿಸಿಯೇ ಮತ್ತೆ ಬಣ್ಣ ಹೊಡೆಸುವ ಖರ್ಚು ಉಳಿಸಿದೆ.

• ಯಾವುದೇ ಆಗಲಿ, ಬೇಕಾದಷ್ಟನ್ನು ಒಂದೇ ಸಲ ಮಿಕ್ಸ್ ಮಾಡಿಸಿ. ನಮಗೆ ಒಂದು ಲೀಟರ್ ಕಡಿಮೆ ಬಿತ್ತು. ಅದೇ ನಂಬರ್ ಹೇಳಿ ಮತ್ತೆ ತಂದರೂ ಬಾಗಿಲ ಪಕ್ಕದ ತೇಪೆ ಇವತ್ತಿಗೂ ಕಾಣುತ್ತದೆ.

ಎಲ್ಲರಿಗೂ ಥ್ಯಾಂಕ್ಸ್. ಶೀಟ್ ಅಂಟಿಸಿ ಮೂರು ದಿನ ಆಯ್ತು. ಬೂದು ಬಿಳಿ ಬೆಳಿಗ್ಗೆ ಹೊತ್ತು ನಿಜಕ್ಕೂ ಮಂಕು. ಪೇಂಟರ್ ಕೂಡ "ಹೌದಲ್ವಾ" ಅಂದರು. ಕೆನೆ ಬಣ್ಣವೇ ಅಂತ ಅತ್ತೆಗೆ ಹೇಳಿದರೆ, "ಅದಿರಲಿ, ಒರಗಿ ಕೂತರೆ ತಲೆ ಎಣ್ಣೆ ಯಾವುದರಲ್ಲಿ ಕಡಿಮೆ ಕಾಣುತ್ತೆ?" ಅಂತಾರೆ.

• ಎರಡರಲ್ಲೂ ಕಾಣುತ್ತದೆ ಅಕ್ಕ. ಒರೆಸಿದರೆ ಕಲೆ ಹೋಗುವ ಎಮಲ್ಷನ್ ಕೇಳಿ ತನ್ನಿ, ಡಿಸ್ಟೆಂಪರ್ ಬೇಡ.